ಬೆಳಿಗ್ಗೆ ಎಂಟೂವರೆಯ ಲೆಕ್ಕ

ಕೃಷ್ಣಾ ನದಿ ಏರತೊಡಗಿತೆಂದರೆ ಯಡೂರು, ಕಲ್ಲೋಳ, ಇಂಗಳಿ, ಮಾಂಜರಿಯ ಜನ ಮೊದಲು ಮಾಡುವ ಕೆಲಸ ಒಂದೇ. ನೀರಿನ ಅಂಚಿಗೆ ಹೋಗಿ ಒಂದು ಕಡ್ಡಿ ಚುಚ್ಚಿ ಬರುತ್ತಾರೆ. ಅರ್ಧ ತಾಸು ಬಿಟ್ಟು ಮತ್ತೆ ಹೋಗುತ್ತಾರೆ. ಕಡ್ಡಿ ನೀರಿನೊಳಗೆ ನಿಂತಿದ್ದರೆ ನದಿ ಏರುತ್ತಿದೆ, ಕಡ್ಡಿಯ ಬುಡದಲ್ಲಿ ಒದ್ದೆ ಕೆಸರು ಕಂಡರೆ ಇಳಿಯುತ್ತಿದೆ. ರಾತ್ರಿಯಾದರೆ ಟಾರ್ಚ್ ಹಿಡಿದು ನೋಡುತ್ತಾರೆ. ಎಮ್ಮೆ ಬಿಚ್ಚಬೇಕೋ ಬೇಡವೋ, ಕಾಳಿನ ಚೀಲ ಅಟ್ಟಕ್ಕೇರಿಸಬೇಕೋ ಬೇಡವೋ, ಮುದುಕರನ್ನು ಚಿಕ್ಕೋಡಿಯ ನೆಂಟರ ಮನೆಗೆ ಕಳಿಸಬೇಕೋ ಬೇಡವೋ ಎಂಬುದೆಲ್ಲ ಆ ಕಡ್ಡಿಯ ಮೇಲೆ ನಿಂತಿರುತ್ತದೆ. ಹವಾಮಾನ ವಿಜ್ಞಾನದ ಮೊದಲ ಪಾಠವೂ ಇಷ್ಟೇ. ಒಂದು ಗುರುತು ಇಡು, ಹೊತ್ತು ನೋಡು, ಮತ್ತೆ ಬಂದು ಅದೇ ಗುರುತನ್ನು ನೋಡು.

ಈ ಕಡ್ಡಿಯಿಂದ ಹೊರಟು ಉತ್ತರ ಧ್ರುವದ ಹಿಮಭೇದಕ ಹಡಗಿನವರೆಗೆ ಒಂದು ಸರಪಳಿ ಇದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಬೆಳಗಾವಿ ಜಿಲ್ಲೆಯ ಈ ಐದು ತಾಲ್ಲೂಕುಗಳಿಗೆ ಮಳೆ ಯಾವಾಗ ಬರುತ್ತದೆ, ನದಿ ಎಷ್ಟು ತರುತ್ತದೆ ಎಂಬುದು ನಮಗೆ ಗೊತ್ತಾಗುವುದು ಹೇಗೆ, ಆ ತಿಳಿವಳಿಕೆ ಎಲ್ಲೆಲ್ಲಿ ಹುಟ್ಟುತ್ತದೆ, ಎಲ್ಲಿ ಕಡಿದುಹೋಗುತ್ತದೆ ಎಂದು ಒಮ್ಮೆ ಉದ್ದಕ್ಕೂ ನೋಡುವ ಪ್ರಯತ್ನ ಈ ಬರಹ.

ಒಂದು ಗಳಿಗೆಯಿಂದ ಶುರು ಮಾಡುತ್ತೇನೆ. ನಮ್ಮ ದೇಶದಲ್ಲಿ ಮಳೆಯ ದಿನ ಮಧ್ಯರಾತ್ರಿಗೆ ಮುಗಿಯುವುದಿಲ್ಲ, ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತದೆ. ನಿನ್ನೆ ಎಂಟೂವರೆಯಿಂದ ಇವತ್ತು ಎಂಟೂವರೆಯವರೆಗೆ ಬಿದ್ದದ್ದು ಇವತ್ತಿನ ಮಳೆ. ಈ ಹೊತ್ತನ್ನು ಯಾರೋ ಸುಮ್ಮನೆ ಆರಿಸಿದ್ದಲ್ಲ. ಜಾಗತಿಕ ಸಮಯದಲ್ಲಿ ಆಗ ಸರಿಯಾಗಿ ಮೂರು ಗಂಟೆ. ಜಗತ್ತಿನ ಹವಾಮಾನ ಕೇಂದ್ರಗಳೂ ಹಡಗುಗಳೂ ಸೊನ್ನೆ, ಮೂರು, ಆರು, ಒಂಬತ್ತು ಎಂದು ಮೂರು ಮೂರು ತಾಸಿಗೆ ಒಟ್ಟಿಗೆ ಕಣ್ಣು ತೆರೆದು ನೋಡುವ ಒಪ್ಪಂದ ಮಾಡಿಕೊಂಡಿವೆ. ಅಥಣಿಯಲ್ಲಿ ಒಬ್ಬರು ಮಳೆಮಾಪಕದ ಬಾಟಲಿ ಎತ್ತಿ ಅಳತೆಗಾಜಿಗೆ ಸುರಿಯುವ ಗಳಿಗೆಯಲ್ಲೇ, ಮಂಜುಗಡ್ಡೆಯ ನಡುವೆ ನಿಂತ ಹಡಗೊಂದರಲ್ಲಿ ಇನ್ನೊಬ್ಬರು ಗಾಳಿಯ ಒತ್ತಡವನ್ನು ಬರೆದುಕೊಳ್ಳುತ್ತಿರುತ್ತಾರೆ. ಇಬ್ಬರೂ ಎಂದೂ ಮುಖ ನೋಡುವುದಿಲ್ಲ. ಬರೆದ ಅಂಕಿಗಳು ಮಾತ್ರ ಒಂದೇ ನಕಾಶೆಯಲ್ಲಿ ಅಕ್ಕಪಕ್ಕ ಕೂರುತ್ತವೆ.

ನಮ್ಮ ಐದು ತಾಲ್ಲೂಕುಗಳ ಸ್ಥಿತಿ ವಿಚಿತ್ರವಾದದ್ದು. ಪಡುವಣದಲ್ಲಿ ಸಹ್ಯಾದ್ರಿಯ ನೆತ್ತಿಯ ಮೇಲೆ ಮಹಾಬಳೇಶ್ವರ, ಗಗನಬಾವಡಾಗಳಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುತ್ತದೆ. ಗಗನಬಾವಡಾದಿಂದ ಹಕ್ಕಿ ಹಾರುವ ದಾರಿಯಲ್ಲಿ ಅಥಣಿ ಸುಮಾರು 130 ಕಿಲೋಮೀಟರ್. ಅಷ್ಟರೊಳಗೆ ಮಳೆ ಹತ್ತನೇ ಒಂದು ಪಾಲಿಗೆ ಇಳಿದು, 500-600 ಮಿಲಿಮೀಟರಿನ ಆಸುಪಾಸಿಗೆ ಬಂದಿರುತ್ತದೆ. ನಿಪ್ಪಾಣಿಯಲ್ಲಿ ಆರಿದ್ರಾ ಮಳೆ ಮೋಡ ಕಟ್ಟಿಕೊಂಡು ಜಿನುಗುತ್ತಿರುವಾಗ ತೆಲಸಂಗದ ಕಡೆ ಧೂಳು ಏಳುತ್ತಿರುತ್ತದೆ. ಮಳೆಯ ನೆರಳು ಎನ್ನುವುದು ಇದಕ್ಕೇ. ಘಟ್ಟ ಹತ್ತುವಾಗ ಗಾಳಿ ತನ್ನ ನೀರನ್ನೆಲ್ಲ ಚೆಲ್ಲಿ, ಇಳಿಯುವಾಗ ಬರಿಗೈಯಲ್ಲಿ ಬರುತ್ತದೆ. ಆದರೆ ಅಲ್ಲಿ ಚೆಲ್ಲಿದ ನೀರು ಕೃಷ್ಣೆ, ವಾರಣಾ, ಪಂಚಗಂಗಾ, ದೂಧಗಂಗಾ, ವೇದಗಂಗಾ ಎಂಬ ಹೆಸರುಗಳಲ್ಲಿ ಕೆಳಗಿಳಿದು ನಮ್ಮ ಊರುಗಳಿಗೇ ಬರುತ್ತದೆ. ಹಾಗಾಗಿ ತಲೆಯ ಮೇಲೆ ಒಂದು ಹನಿ ಬೀಳದೆ ಊರು ಮುಳುಗುವುದುಂಟು. ಜುಗೂಳ, ಮಂಗಾವತಿ, ಕೃಷ್ಣಾ ಕಿತ್ತೂರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಿಸಿಲು ಹೊಳೆಯುತ್ತಿರುವಾಗಲೇ ಗಂಟುಮೂಟೆ ಕಟ್ಟಿದವರು ಅವರು.

ಇಂಥ ಊರಿಗೆ ತನ್ನ ಮಳೆಯ ಲೆಕ್ಕ ಗೊತ್ತಿದ್ದರೆ ಸಾಲದು, ಬೇರೆಯವರ ಮಳೆಯ ಲೆಕ್ಕವೂ ಬೇಕು. ಆ ಬೇರೆಯವರು ಇರುವುದು ಇನ್ನೊಂದು ರಾಜ್ಯವಾದ ಮಹಾರಾಷ್ಟ್ರದಲ್ಲಿ.

ಮಳೆಗಾಲದ ದಿನಪತ್ರಿಕೆಯ ಚಿಕ್ಕೋಡಿ ಸುದ್ದಿಯನ್ನು ನೆನಪಿಸಿಕೊಳ್ಳಿ. ರಾಜಾಪುರ ಬ್ಯಾರೇಜಿನಿಂದ ಇಷ್ಟು ಸಾವಿರ ಕ್ಯುಸೆಕ್, ದೂಧಗಂಗೆಯಿಂದ ಇಷ್ಟು ಸಾವಿರ ಕ್ಯುಸೆಕ್, ಎರಡೂ ಕೂಡಿ ಕಲ್ಲೋಳ ಬಳಿ ಕೃಷ್ಣೆಗೆ ಇಷ್ಟು. ವರ್ಷಗಳಿಂದ ಇದೇ ಮೂರು ಸಾಲು, ಅಂಕಿ ಮಾತ್ರ ಬೇರೆ. ರಾಜಾಪುರ ಇರುವುದು ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನಲ್ಲಿ, ನರಸೋಬಾವಾಡಿಯಲ್ಲಿ ಪಂಚಗಂಗೆ ಕೃಷ್ಣೆಯನ್ನು ಕೂಡಿದ ಮೇಲೆ. ದೂಧಗಂಗೆಯ ನೀರನ್ನು ಸದಲಗಾದಲ್ಲಿ ಅಳೆಯುತ್ತಾರೆ. ಕೇಂದ್ರ ಜಲ ಆಯೋಗದ ಅಳತೆ ತಾಣಗಳು ಈ ಸೀಮೆಯಲ್ಲಿ ಮಣಿಸರದಂತೆ ಹಬ್ಬಿವೆ: ಕೃಷ್ಣೆಗೆ ಅರ್ಜುನವಾಡ, ಕುರುಂದವಾಡ, ಪಂಚಗಂಗೆಗೆ ತೇರವಾಡ, ದೂಧಗಂಗೆಗೆ ಸದಲಗಾ. ಹೆಸರುಗಳೆಲ್ಲ ನೆಂಟರ ಊರುಗಳಂತೆ ಕೇಳಿಸುತ್ತವೆ. ನಿಜವಾಗಿಯೂ ನಮ್ಮಲ್ಲಿ ಬಹಳ ಜನರ ನೆಂಟರು ಅಲ್ಲೇ ಇದ್ದಾರೆ.

ಹರಿವ ನದಿಯನ್ನು ಅಳೆಯುವುದು ಹೇಗೆ? ಮಟ್ಟ ನೋಡುವುದು ಸುಲಭ. ದಡದಲ್ಲೋ ಸೇತುವೆಯ ಕಂಬದಲ್ಲೋ ಮೀಟರ್ ಗುರುತುಗಳ ಪಟ್ಟಿ ಇರುತ್ತದೆ, ನೀರು ಮುಟ್ಟಿದ ಗೆರೆಯನ್ನು ಓದಿದರಾಯಿತು. ಹೊಳೆ ತುಂಬಿದಾಗ ತಾಸು ತಾಸಿಗೂ ಓದುತ್ತಾರೆ. ಕಷ್ಟವಿರುವುದು ಹರಿವಿನ ಲೆಕ್ಕದಲ್ಲಿ. ನದಿಯ ಅಗಲವನ್ನು ಹಲವು ಪಟ್ಟಿಗಳಾಗಿ ಭಾಗ ಮಾಡಿ, ಒಂದೊಂದರಲ್ಲೂ ಆಳ ನೋಡಿ, ಆಳದ ಹತ್ತರಲ್ಲಿ ಆರು ಪಾಲಿನಷ್ಟು ಕೆಳಗೆ ಕರೆಂಟ್ ಮೀಟರ್ ಇಳಿಬಿಡಬೇಕು. ನೀರಿನ ಸೆಳೆತಕ್ಕೆ ಅದರ ಬಟ್ಟಲುಗಳು ಗಿರಗಿರನೆ ಸುತ್ತುತ್ತವೆ. ಇಷ್ಟು ಸೆಕೆಂಡಿಗೆ ಇಷ್ಟು ಸುತ್ತು ಎಂದು ಎಣಿಸಿದರೆ ವೇಗ ಸಿಗುತ್ತದೆ, ವೇಗವನ್ನು ಆ ಪಟ್ಟಿಯ ವಿಸ್ತಾರದಿಂದ ಗುಣಿಸಿದರೆ ಹರಿವು. ಎಲ್ಲ ಪಟ್ಟಿಗಳನ್ನೂ ಕೂಡಿದರೆ ನದಿ. ಇದನ್ನು ದೋಣಿಯಲ್ಲಿ ನಿಂತೋ ಸೇತುವೆಯ ಮೇಲಿಂದಲೋ ಮಾಡಬೇಕು, ಕೆಂಪು ನೀರಿನಲ್ಲಿ ಕಬ್ಬಿನ ಸೋಗೆ, ಮರದ ಬೊಡ್ಡೆ ತೇಲಿ ಬರುತ್ತಿರುವಾಗ. ಅತಿ ದೊಡ್ಡ ಮಹಾಪೂರದ ದಿನ ದೋಣಿ ಇಳಿಸಲಾಗುವುದಿಲ್ಲ. ಆಗ ಹಿಂದಿನ ಅಳತೆಗಳಿಂದ ಕಟ್ಟಿದ ಕೋಷ್ಟಕ ತೆಗೆದು, ಮಟ್ಟ ಇಷ್ಟಿದ್ದರೆ ಹರಿವು ಇಷ್ಟಿರಬೇಕು ಎಂದು ಅಂದಾಜು ಕಟ್ಟುತ್ತಾರೆ. ಅಂದರೆ ನಮಗೆ ಅಂಕಿ ಅತ್ಯಂತ ಬೇಕಾದ ದಿನವೇ ಆ ಅಂಕಿ ಅಳತೆಯಾಗಿರದೆ ಊಹೆಯಾಗಿರುತ್ತದೆ. ಪೂರ ಇಳಿದ ಮೇಲೆ ನದಿಯ ತಳವೂ ಬದಲಾಗಿರುತ್ತದೆ, ಮರಳು ಎಲ್ಲೋ ಕೊಚ್ಚಿ ಎಲ್ಲೋ ಕೂತಿರುತ್ತದೆ. ಕೋಷ್ಟಕವನ್ನು ಹೊಸದಾಗಿ ಕಟ್ಟಬೇಕು. ಈ ದುಡಿಮೆ ಕಣ್ಣಿಗೆ ಬೀಳುವುದಿಲ್ಲ. ಪತ್ರಿಕೆಯಲ್ಲಿ ಬರುವುದು ಕೊನೆಯ ಅಂಕಿ ಮಾತ್ರ.

ಆ ಅಂಕಿಯಲ್ಲೇ ನನಗೊಂದು ದೊಡ್ಡ ತಕರಾರು ಇದೆ. ಒಂದೇ ನೀರು ನಮ್ಮ ಕಿವಿಗೆ ನಾಲ್ಕು ಭಾಷೆಯಲ್ಲಿ ಬೀಳುತ್ತದೆ. ಕೋಯ್ನಾ ಜಲಾಶಯದ ಸುದ್ದಿ ಟಿಎಂಸಿಯಲ್ಲಿ ಬರುತ್ತದೆ, ತುಂಬಿದರೆ 105. ಕೊಲ್ಹಾಪುರದ ಪಂಚಗಂಗೆ ಅಡಿಯಲ್ಲಿ ಬರುತ್ತದೆ: ರಾಜಾರಾಮ ಬಂಧಾರದಲ್ಲಿ 39 ಅಡಿ ಎಚ್ಚರಿಕೆ, 43 ಅಡಿ ಅಪಾಯ. ಸಾಂಗಲಿಯ ಐರ್ವಿನ್ ಸೇತುವೆಯೂ ಅಡಿಯಲ್ಲೇ, ಅಲ್ಲಿ 40 ಮತ್ತು 45. ಜಲ ಆಯೋಗ ಸಮುದ್ರ ಮಟ್ಟದಿಂದ ಮೀಟರಿನಲ್ಲಿ ಹೇಳುತ್ತದೆ. ಕಲ್ಲೋಳ ಬಂದಾಗ ಎಲ್ಲ ಕ್ಯುಸೆಕ್. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ಎಂಬುದು ನಿಜ, ಆದರೆ ಎರಡು ಲಕ್ಷ ಕ್ಯುಸೆಕ್ ಬಂದರೆ ನಮ್ಮ ಮನೆಯ ಎಷ್ಟನೇ ಮೆಟ್ಟಿಲಿಗೆ ನೀರು ಎಂದು ಕೇಳುವ ಅಜ್ಜಿಗೆ ಇದರಿಂದ ಉತ್ತರ ಸಿಗುವುದಿಲ್ಲ. ಜನ ತಮ್ಮದೇ ಕೋಷ್ಟಕ ಕಟ್ಟಿಕೊಂಡಿದ್ದಾರೆ. ರಾಜಾರಾಮದಲ್ಲಿ ಇಷ್ಟು ಅಡಿಯಾದರೆ ನಮ್ಮ ಮಾರುತಿ ಗುಡಿಯ ಕಟ್ಟೆಗೆ ನೀರು ಎಂದು ಹೇಳುವವರು ನದಿದಡದ ಊರುಗಳಲ್ಲಿ ಸಿಗುತ್ತಾರೆ. ಮುಳುಗುವ ಸೇತುವೆಗಳ ಸರದಿಯೂ ಅವರ ಒಂದು ಮಾಪಕ: ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಜತ್ರಾಟ–ಭಿವಶಿ, ಸಿದ್ನಾಳ–ಅಕ್ಕೋಳ, ಕಲ್ಲೋಳ–ಯಡೂರು. ಯಾವುದು ಮುಳುಗಿತು, ಯಾವುದು ಉಳಿದಿದೆ ಎಂಬುದರಿಂದಲೇ ನದಿಯ ಬಲ ಲೆಕ್ಕಹಾಕುತ್ತಾರೆ. ಇದು ಒರಟು ಲೆಕ್ಕವಿರಬಹುದು, ಸುಳ್ಳು ಲೆಕ್ಕವಲ್ಲ. ನುರಿತ ಇಂಜಿನಿಯರು ಇಂಥ ಜನರ ಜೊತೆ ಒಂದು ದಿನ ಕೂತು, ಕ್ಯುಸೆಕ್ಕನ್ನು ಕಟ್ಟೆ, ಮೆಟ್ಟಿಲು, ಬೇವಿನ ಮರಗಳಿಗೆ ಜೋಡಿಸಿ ಊರಿಗೊಂದು ಫಲಕ ಬರೆಸಿದರೆ ಅದಕ್ಕಿಂತ ಅಗ್ಗದ, ಅದಕ್ಕಿಂತ ಒಳ್ಳೆಯ ಮುನ್ನೆಚ್ಚರಿಕೆ ವ್ಯವಸ್ಥೆ ಇನ್ನೊಂದಿಲ್ಲ.

2005, 2019, 2021 ಈ ಮೂರು ವರ್ಷ ನಮ್ಮ ನೆನಪಿನಲ್ಲಿ ಗೋಡೆಯ ಮೇಲಿನ ಕೆಸರುಗೆರೆಗಳಾಗಿ ಉಳಿದಿವೆ. 2019ರ ಆಗಸ್ಟಿನಲ್ಲಿ ಸಾಂಗಲಿಯ ಐರ್ವಿನ್ ಸೇತುವೆಯ ಬಳಿ ನೀರು 57 ಅಡಿ ದಾಟಿತ್ತು. 2021ರ ಜುಲೈ 23ರ ಬೆಳಿಗ್ಗೆ ಎಂಟೂವರೆಗೆ ಮಹಾಬಳೇಶ್ವರದ ಮಳೆಮಾಪಕ ಒಂದೇ ದಿನದ ಲೆಕ್ಕ 594 ಮಿಲಿಮೀಟರ್ ತೋರಿಸಿತು, ಅಥಣಿಯ ಇಡೀ ವರ್ಷದ ಮಳೆಯಷ್ಟು. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ವೇದಗಂಗೆ ಹೆದ್ದಾರಿಯನ್ನೇ ನುಂಗಿ, ಪುಣೆ–ಬೆಂಗಳೂರು ಲಾರಿಗಳು ಸಾಲಾಗಿ ನಿಂತವು. ಮಹಾಬಳೇಶ್ವರದಲ್ಲಿ ಅಷ್ಟು ಬಿತ್ತೆಂಬ ಸುದ್ದಿಗೂ ಆ ನೀರು ಕಲ್ಲೋಳ ತಲುಪುವುದಕ್ಕೂ ನಡುವೆ ಇರುವ ತಾಸುಗಳೇ ನಮ್ಮ ಬದುಕಿನ ಬಂಡವಾಳ. ಅಂಕಿ ತಡವಾದರೆ ಆ ತಾಸುಗಳು ಸೋರಿಹೋಗುತ್ತವೆ. ರಾಧಾನಗರಿಯಂಥ ಜಲಾಶಯದ ಬಾಗಿಲುಗಳು ನೀರಿನ ಒತ್ತಡಕ್ಕೆ ತಾವಾಗಿಯೇ ತೆರೆದುಕೊಳ್ಳುವಂಥವು, ಅಲ್ಲಿ ಯಾರ ಅಪ್ಪಣೆಗೂ ಕಾಯುವ ಸಮಯವಿಲ್ಲ.

ಗಡಿಯ ಆಚೆ ಇನ್ನೊಂದು ಮಾತು ಓಡಾಡುತ್ತದೆ: ಕೆಳಗೆ ಕರ್ನಾಟಕದ ಆಲಮಟ್ಟಿ ಜಲಾಶಯದಲ್ಲಿ ನೀರು ನಿಲ್ಲಿಸಿದ್ದಕ್ಕೇ ಸಾಂಗಲಿ, ಕೊಲ್ಹಾಪುರ ಮುಳುಗುತ್ತವೆ ಎಂದು. ಆಲಮಟ್ಟಿಯ ಈಗಿನ ಪೂರ್ಣ ಮಟ್ಟ 519.60 ಮೀಟರ್. ಕೃಷ್ಣಾ ಜಲವಿವಾದದ ನ್ಯಾಯಮಂಡಳಿ ಒಪ್ಪಿದ್ದು 524.256. 2019ರ ಮಹಾಪೂರದ ಬಳಿಕ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ ವಡ್ನೇರೆ ಸಮಿತಿ ಅಂಕಿಅಂಶಗಳನ್ನು ಮುಂದಿಟ್ಟುಕೊಂಡು ನೋಡಿ, ಆ ವರ್ಷದ ಮುಳುಗಡೆಗೆ ಆಲಮಟ್ಟಿಯನ್ನು ಕಾರಣವೆನ್ನಲಿಲ್ಲ. ಆದರೂ ವಾದ ನಿಂತಿಲ್ಲ. ನಾನು ಇಲ್ಲಿ ಪಕ್ಷ ವಹಿಸಲು ಇದನ್ನು ಎತ್ತಲಿಲ್ಲ. ಎರಡೂ ರಾಜ್ಯದವರು ಒಂದೇ ಗಳಿಗೆಯಲ್ಲಿ, ಒಂದೇ ಅಳತೆಯಲ್ಲಿ, ಎಲ್ಲರಿಗೂ ಕಾಣುವಂತೆ ಬರೆದಿಟ್ಟ ಅಂಕಿಗಳು ಇದ್ದಾಗ ಮಾತ್ರ ಇಂಥ ಜಗಳಕ್ಕೆ ಕೊನೆ ಸಾಧ್ಯ. ನಡುವೆ ಇರುವ ನಮ್ಮ ಊರುಗಳಿಗೆ ಅದರ ಅಗತ್ಯ ಬೆಂಗಳೂರಿಗಿಂತ ಹೆಚ್ಚು, ಮುಂಬಯಿಗಿಂತಲೂ ಹೆಚ್ಚು.

ಇನ್ನು ಮಳೆ. ಹಿರಿಯರು ಮಳೆಯನ್ನು ನಕ್ಷತ್ರದಿಂದ ಕರೆದರು, ಗೇಣಿನಿಂದ ಅಳೆದರು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆ ಇವತ್ತಿಗೂ ಬಾಯಲ್ಲಿದೆ. ಮಳೆ ನಿಂತ ಮರುದಿನ ಹೊಲಕ್ಕೆ ಹೋಗಿ ಕುರ್ಚಿಗೆಯಿಂದ ಮಣ್ಣು ಕೆದಕಿ, ಹಸಿ ಎಷ್ಟು ಕೆಳಗೆ ಇಳಿದಿದೆ ಎಂದು ನೋಡುವ ಪದ್ಧತಿಯೂ ಇದೆ. ಒಂದು ಗೇಣು ಹಸಿಯಾದರೆ ಬಿತ್ತಬಹುದು. ಎರಿಮಣ್ಣಿಗೂ ಮಸಾರಿಗೂ ಈ ಗೇಣು ಬೇರೆ ಬೇರೆ, ಅದೂ ರೈತನಿಗೆ ಗೊತ್ತು. ಹವಾಮಾನ ಇಲಾಖೆಯ ಮಿಲಿಮೀಟರ್ ಮಳೆ ಎಷ್ಟು ಬಿತ್ತೆಂದು ಹೇಳುತ್ತದೆ, ಗೇಣು ಮಳೆ ಎಷ್ಟು ದಕ್ಕಿತೆಂದು ಹೇಳುತ್ತದೆ. ಎರಡೂ ಬೇಕು.

ಭಾರತ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮರುವರ್ಷವೇ ಮಹಾಬರ ಬಂದು ಮುಂಬಯಿ ಕರ್ನಾಟಕದ ಜಿಲ್ಲೆಗಳನ್ನು ಬರಿದು ಮಾಡಿತು. ಮಳೆಯ ಲೆಕ್ಕ ಕಂದಾಯದ ಲೆಕ್ಕದಷ್ಟೇ ಮುಖ್ಯ ಎಂದು ಆಳುವವರಿಗೆ ಆ ಬರ ಕಲಿಸಿತು. 1884ರಲ್ಲಿ ಮುಂಬಯಿ ಸರ್ಕಾರ ಹೊರತಂದ ಬೆಳಗಾವಿ ಗ್ಯಾಝೆಟಿಯರಿನಲ್ಲಿ ಮಳೆಯ ಅಂಕಿಗಳಿಗೆ ಜಾಗ ಸಿಕ್ಕಿತು. ಅದೇ 1884ರಲ್ಲಿ ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಒಂದು ಧೈರ್ಯದ ಮಾತು ಬರೆದರು: ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮುಂಗಾರು ಸೊರಗುತ್ತದೆ. ದೂರದ ಹಿಮಕ್ಕೂ ನಮ್ಮ ಹೊಲದ ಮಳೆಗೂ ನಂಟಿದೆ ಎಂಬ ಈ ಶಂಕೆಯೇ ಮುಂದೆ ದೀರ್ಘಾವಧಿ ಮುನ್ಸೂಚನೆಗೆ ಬುನಾದಿಯಾಯಿತು. ಇವತ್ತು ಧ್ರುವದ ಮಂಜುಗಡ್ಡೆಯ ಬಗ್ಗೆ ಕೇಳುತ್ತಿರುವ ಪ್ರಶ್ನೆ ಹೊಸದೇನಲ್ಲ, ಬ್ಲಾನ್‌ಫರ್ಡ್ ಕೇಳಿದ್ದೇ ಇನ್ನೂ ಉತ್ತರಕ್ಕೆ ಸರಿದಿದೆ.

ಹಳೆಯ ಮಳೆಮಾಪಕ ಸರಳವಾದದ್ದು: ಒಂದು ಆಲಿಕೆ, ಕೆಳಗೊಂದು ಬಾಟಲಿ, ಪಕ್ಕದಲ್ಲಿ ಅಳತೆಗಾಜು. ಅಂಚು ನೆಲದಿಂದ ಒಂದಡಿ ಎತ್ತರ. ಪಕ್ಕದಲ್ಲಿ ಮರವೋ ಗೋಡೆಯೋ ಇದ್ದರೆ ಅದರ ಎತ್ತರದ ಎರಡರಷ್ಟಾದರೂ ದೂರವಿರಬೇಕು. ಗಾಜಿನಲ್ಲಿ ನೀರಿನ ಮೇಲ್ಮೈ ಬಿಲ್ಲಿನಂತೆ ಬಾಗಿರುತ್ತದೆ, ಆ ಬಾಗಿನ ತಳವನ್ನು ಓದಬೇಕು, ಅಂಚನ್ನಲ್ಲ. ಒಂದು ಮಿಲಿಮೀಟರಿನ ತಪ್ಪು ಏನು ಮಹಾ ಎನ್ನಬೇಡಿ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ನಾಲ್ಕು ಸಾವಿರ ಲೀಟರಿಗೂ ಹೆಚ್ಚು ನೀರು.

ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೆ ದಾರಿ ತೋರಿಸಿದೆ ಎಂದು ಹೆಮ್ಮೆಯಿಂದ ಹೇಳಬೇಕು. 1988ರಲ್ಲಿ ಬರ ಗಮನಿಸಲೆಂದು ಶುರುವಾದ ಪುಟ್ಟ ಘಟಕವೇ ಬೆಳೆದು ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯ್ತಿಗೊಂದು ಟೆಲಿಮೆಟ್ರಿಕ್ ಮಳೆಮಾಪಕ, ಹೋಬಳಿಗೊಂದು ಹವಾಮಾನ ಕೇಂದ್ರ ಎಂಬಷ್ಟು ದಟ್ಟವಾದ ಜಾಲ ಅದರದು. ಮಾಪಕದೊಳಗೆ ಏತದಂತೆ ತೂಗುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿ ಮಗುಚಿಕೊಂಡರೆ ಇನ್ನೊಂದು ಮೇಲೆ ಬರುತ್ತದೆ, ಪ್ರತಿ ಮಗುಚುವಿಕೆಗೂ ಒಂದು ಎಣಿಕೆ. ಸೌರಫಲಕದ ವಿದ್ಯುತ್ತಿನಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಬೆಂಗಳೂರಿಗೆ ಹೋಗುತ್ತದೆ. ಬಿತ್ತನೆಯ ಹೊತ್ತಿಗೆ ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿದರೆ ಕನ್ನಡದಲ್ಲಿ ಉತ್ತರ ಸಿಗುತ್ತದೆ.

ಆದರೆ ಯಂತ್ರ ನೆಟ್ಟರೆ ಮುಗಿಯುವುದಿಲ್ಲ. ಹೆಸರು ಬೇಡ, ಒಂದು ಊರಿನಲ್ಲಿ ನಾನು ಕಂಡ ಮಾಪಕದ ಸುತ್ತ ಹುಲ್ಲು ಎದೆಯೆತ್ತರ ಬೆಳೆದಿತ್ತು, ಪಕ್ಕದ ಮರದ ಕೊಂಬೆ ಆಲಿಕೆಯ ಮೇಲೇ ಚಾಚಿತ್ತು. ಬಗ್ಗಿ ನೋಡಿದರೆ ಆಲಿಕೆಯ ಕಿಂಡಿಯಲ್ಲಿ ಕಣಜದ ಮಣ್ಣುಗೂಡು, ಅದರ ಮೇಲೆ ಹಕ್ಕಿಯ ಹಿಕ್ಕೆ. ಆ ವಾರ ಅಲ್ಲಿ ಮಳೆಯಾಗಿತ್ತು. ಆ ಯಂತ್ರದ ಪಾಲಿಗೆ ಮಳೆಯೇ ಆಗಿರಲಿಲ್ಲ. ಕಡ್ಡಿಯೊಂದನ್ನು ತೆಗೆದುಕೊಂಡು ಗೂಡು ಕೆರೆದು ಹಾಕಲು ಎರಡು ನಿಮಿಷ ಸಾಕು. ಆ ಎರಡು ನಿಮಿಷದ ಕೆಲಸ ಯಾರದು ಎಂಬುದು ಮಾತ್ರ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇದು ಸಣ್ಣ ಮಾತಲ್ಲ, ಏಕೆಂದರೆ ದುಡ್ಡು ಈ ಬಟ್ಟಲಿನ ಮೇಲೆ ನಿಂತಿದೆ. ಅಥಣಿ ಸೀಮೆಯ ದ್ರಾಕ್ಷಿ ಬೆಳೆಗಾರ ಅಕ್ಟೋಬರ್ ಹೊತ್ತಿಗೆ ಬಳ್ಳಿ ಸವರುತ್ತಾನೆ. ಚಿಗುರು ಬಂದು ಹೂ ಕಟ್ಟುವಾಗ ಮಳೆ ಹಿಡಿದರೆ ಬೂಜುರೋಗ ಎಲೆಯಿಂದ ಗೊಂಚಲಿಗೆ ಇಳಿಯುತ್ತದೆ, ರಾತ್ರೋರಾತ್ರಿ ಔಷಧಿ ಹೊಡೆಯಬೇಕು. ಫೆಬ್ರುವರಿ–ಮಾರ್ಚಿನಲ್ಲಿ ಒಣದ್ರಾಕ್ಷಿ ಶೆಡ್ಡಿನಲ್ಲಿ ಹಣ್ಣು ಹರವಿದಾಗ ಒಂದು ತುಂತುರು ಬಂದರೂ ಬಣ್ಣ ಕಪ್ಪಾಗಿ ದರ ಬೀಳುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ಸಿಗುವುದು ಹೊಲ ನೋಡಿ ಅಲ್ಲ, ಮಾಪಕದ ಅಂಕಿ ನೋಡಿ. ಕಣಜ ಕಟ್ಟಿದ ಗೂಡು ಒಬ್ಬನ ವರ್ಷದ ದುಡಿಮೆಯನ್ನು ಸೊನ್ನೆ ಎಂದು ಬರೆಯಬಲ್ಲದು.

ಮಳೆ ಹುಟ್ಟುವ ಕಡೆಗೆ ಹೋಗೋಣ. ನಮಗೆ ಅದು ಅರಬ್ಬಿ ಸಮುದ್ರ. ಸಮುದ್ರದ ಮೇಲೆ ತಾಲ್ಲೂಕು ಕಚೇರಿ ಇಲ್ಲ, ಮಳೆಮಾಪಕದ ಕಟ್ಟೆ ಇಲ್ಲ, ಹಾಗಾಗಿ ಹಡಗೇ ಹೋಗಬೇಕು. 1983ರಲ್ಲಿ ದೇಶದ ಕೈಸೇರಿದ ಸಾಗರ ಕನ್ಯಾ ಎಂಬ ಸಂಶೋಧನಾ ಹಡಗು ಈ ಕೆಲಸದಲ್ಲಿ ಸವೆದಿದೆ. 1999ರಲ್ಲಿ ಬಂಗಾಳ ಕೊಲ್ಲಿಯ ಮುಂಗಾರು ಪ್ರಯೋಗ, 2002–03ರಲ್ಲಿ ಅರಬ್ಬಿ ಸಮುದ್ರದ ಮುಂಗಾರು ಪ್ರಯೋಗ, 2016ರಲ್ಲಿ ಸಿಂಧು ಸಾಧನಾ ಹಡಗಿನಲ್ಲಿ ಮತ್ತೆ ಬಂಗಾಳ ಕೊಲ್ಲಿಗೆ ಹೋದ ತಂಡ, ಈ ಎಲ್ಲದರಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ದುಡಿಮೆ ಇದೆ. ಹಡಗಿನ ಡೆಕ್ಕಿನಿಂದ ಬಲೂನು ಬಿಟ್ಟು ಮೇಲಿನ ಗಾಳಿಯ ಶಾಖ, ತೇವ ಓದುತ್ತಾರೆ. ಉಕ್ಕಿನ ಹಗ್ಗಕ್ಕೆ ಕಟ್ಟಿದ ಚೌಕಟ್ಟಿನಲ್ಲಿ ಬಾಟಲಿಗಳನ್ನು ವೃತ್ತಾಕಾರದಲ್ಲಿ ನಿಲ್ಲಿಸಿ ನೀರಿಗಿಳಿಸಿ, ಬೇರೆ ಬೇರೆ ಆಳದಲ್ಲಿ ಅವುಗಳ ಬಾಯಿ ಮುಚ್ಚಿಸಿ, ಉಪ್ಪು ಮತ್ತು ಶಾಖದ ಲೆಕ್ಕ ತರುತ್ತಾರೆ. ಇದರ ಜೊತೆಗೆ ಆರ್ಗೋ ಎಂಬ ತೇಲುಕೊಳವೆಗಳು ಜಗತ್ತಿನ ಕಡಲುಗಳಲ್ಲಿ ಸುಮಾರು 4,000 ಇವೆ. ಎರಡು ಕಿಲೋಮೀಟರ್ ಆಳಕ್ಕೆ ಮುಳುಗಿ, ಹತ್ತು ದಿನಕ್ಕೊಮ್ಮೆ ಮೇಲೆದ್ದು, ಕಂಡದ್ದನ್ನು ಉಪಗ್ರಹಕ್ಕೆ ಹೇಳಿ ಮತ್ತೆ ಮುಳುಗುತ್ತವೆ. ಕಡಲು ಬೆಚ್ಚಗಾದಷ್ಟೂ ಗಾಳಿಗೆ ತೇವ ಹೆಚ್ಚು. 2019ರ ಅಕ್ಟೋಬರ್ ಕೊನೆಯಲ್ಲಿ ಅರಬ್ಬಿ ಸಮುದ್ರದಲ್ಲಿ ಎದ್ದ ಕ್ಯಾರ್ ಎಂಬ ಮಹಾಚಂಡಮಾರುತ, ಮಳೆಗಾಲ ಮುಗಿಯಿತೆಂದು ಬಳ್ಳಿ ಸವರಿದ ಪಶ್ಚಿಮ ಮಹಾರಾಷ್ಟ್ರದ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಕಹಿಯಾಗಿ ಕಲಿಸಿತು.

ಅದೇ 2019. ಆಗಸ್ಟಿನಲ್ಲಿ ಮುಳುಗಿದ ಮನೆಗಳ ಕೆಸರನ್ನು ನಮ್ಮವರು ಇನ್ನೂ ಬಾಚುತ್ತಿದ್ದಾಗ, ಸೆಪ್ಟೆಂಬರ್ 20ರಂದು ನಾರ್ವೆಯ ಟ್ರೋಮ್ಸೋ ಬಂದರಿನಿಂದ ಜರ್ಮನಿಯ ಪೋಲಾರ್‌ಸ್ಟರ್ನ್ ಎಂಬ ಹಿಮಭೇದಕ ಹಡಗು ಉತ್ತರಕ್ಕೆ ಹೊರಟಿತು. ಮೊಸಾಯಿಕ್ ಎಂಬುದು ಆ ಯಾತ್ರೆಯ ಹೆಸರು. ಅಕ್ಟೋಬರ್ ಮೊದಲ ವಾರದಲ್ಲಿ ಒಂದು ದೊಡ್ಡ ಮಂಜುಗಡ್ಡೆಗೆ ತನ್ನನ್ನು ಕಟ್ಟಿಕೊಂಡು, ಯಂತ್ರದ ಬಲ ಬಿಟ್ಟು, ಗಡ್ಡೆ ಹೋದಲ್ಲಿಗೆ ತಾನೂ ತೇಲಿತು. ನಾರ್ವೆಯ ನಾನ್ಸೆನ್ 1893ರಿಂದ 1896ರವರೆಗೆ ಫ್ರಾಮ್ ಎಂಬ ಮರದ ಹಡಗಿನಲ್ಲಿ ಮಾಡಿದ ಸಾಹಸದ ದೊಡ್ಡ ರೂಪ ಇದು. ಇಪ್ಪತ್ತು ದೇಶಗಳ ವಿಜ್ಞಾನಿಗಳು ಸರದಿಯ ಮೇಲೆ ಬಂದುಹೋದರು, ಕೇರಳದ ವಿಷ್ಣು ನಂದನ್ ಆ ತಂಡದಲ್ಲಿದ್ದ ಭಾರತೀಯ.

ಅಲ್ಲಿಯ ಕೆಲಸ ಹೇಗಿತ್ತೆಂದು ಊಹಿಸಿಕೊಳ್ಳಲು ಸದಲಗಾದ ದೋಣಿಯನ್ನೇ ನೆನೆಯಿರಿ, ನೀರಿನ ಜಾಗದಲ್ಲಿ ಮಂಜು ಇಡಿ. ತಿಂಗಳುಗಟ್ಟಲೆ ಸೂರ್ಯನಿಲ್ಲ. ಉಷ್ಣತೆ ಮೈನಸ್ 40ಕ್ಕೆ ಇಳಿಯುತ್ತದೆ. ಹಣೆಗೆ ದೀಪ ಕಟ್ಟಿಕೊಂಡು ಹೋಗಬೇಕು, ಬಿಳಿಕರಡಿ ಬಂದೀತೆಂದು ಬಂದೂಕು ಹಿಡಿದ ಕಾವಲುಗಾರ ಜೊತೆಗಿರಬೇಕು. ಗಡ್ಡೆಯಲ್ಲಿ ಕೊರೆದ ತೂತು ಮತ್ತೆ ಹೆಪ್ಪುಗಟ್ಟದಂತೆ ಕಾಯುತ್ತ, ಅದರ ಮೂಲಕ ಮಾಪಕಗಳನ್ನು ಕಡಲಿಗೆ ಇಳಿಸಬೇಕು. ಬಿರುಗಾಳಿ ಎದ್ದರೆ ಗಡ್ಡೆ ಬಿರಿಯುತ್ತದೆ, ನಿನ್ನೆ ಎಳೆದ ಕೇಬಲ್ಲು ಇವತ್ತು ಬಿರುಕಿನ ಆಚೆಗೆ. ಇಷ್ಟಾದರೂ ಹಡಗಿನ ಹೆಲಿಕಾಪ್ಟರ್ ಕಟ್ಟೆಯಿಂದ ದಿನಕ್ಕೆ ನಾಲ್ಕು ಸಲ ಬಲೂನು ಏರಲೇಬೇಕು. ಅದರಲ್ಲೊಂದು ಸರದಿ ಬರುತ್ತಿದ್ದದ್ದು ನಮ್ಮಲ್ಲಿ ನಸುಕಿನ ನಾಲ್ಕೂವರೆಗೆ, ಚಿಕ್ಕೋಡಿಯ ಹಾಲಿನವರು ಕ್ಯಾನು ತೊಳೆಯುವ ಹೊತ್ತಿಗೆ. ಕೋವಿಡ್ ಬಂದು ಹೊಸ ತಂಡದ ಹಡಗುಗಳು ಬರಲಾಗದೆ, 2020ರ ಮೇ ತಿಂಗಳಲ್ಲಿ ಪೋಲಾರ್‌ಸ್ಟರ್ನ್ ತಾನೇ ಗಡ್ಡೆ ಬಿಟ್ಟು ಜನರನ್ನು ಬದಲಿಸಲು ಹೋಗಬೇಕಾಯಿತು. ಅಕ್ಟೋಬರ್ 12ರಂದು ಅದು ಬ್ರೆಮರ್‌ಹಾವನ್ ಬಂದರು ಮುಟ್ಟಿತು. ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಮುಂದಿನದು. ತಂದ ದತ್ತಾಂಶವನ್ನು 2023ರ ಜನವರಿ 1ರಿಂದ ಎಲ್ಲರಿಗೂ ತೆರೆದಿಡುವುದೆಂದು ಅವರು ಮೊದಲೇ ನಿಯಮ ಮಾಡಿಕೊಂಡಿದ್ದರು.

ಆ ಮಂಜಿಗೂ ನಮ್ಮ ಮಳೆಗೂ ಏನು ಸಂಬಂಧ? ಇಲ್ಲಿ ಎಚ್ಚರದಿಂದ ಮಾತಾಡಬೇಕು. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. 2012ರ ಸೆಪ್ಟೆಂಬರಿನಲ್ಲಿ ಅಲ್ಲಿನ ಕಡಲ ಮಂಜು ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಇಳಿದದ್ದು ಉಪಗ್ರಹ ಯುಗದ ದಾಖಲೆ. ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ರಷ್ಯಾದ ಉತ್ತರಕ್ಕಿರುವ ಕಾರಾ ಸಮುದ್ರದಲ್ಲಿ ಬೇಸಿಗೆಯ ಮಂಜು ಕಡಿಮೆಯಾಗುವುದಕ್ಕೂ ಭಾರತದಲ್ಲಿ ಸೆಪ್ಟೆಂಬರಿನ ಅತಿಮಳೆಗೂ ನಂಟು ಕಂಡಿತು. ಮಂಜು ಸರಿದು ತೆರೆದ ಕಡಲು ಮೇಲಿನ ಗಾಳಿಗೆ ಶಾಖ ಕೊಡುತ್ತದೆ, ಅದರಿಂದ ಎದ್ದ ಅಲೆ ಯುರೋಪು–ಏಷ್ಯಾದ ಮೇಲೆ ದಾಟಿ ನಮ್ಮ ಆಕಾಶದ ಗಾಳಿಯ ಸುಳಿಯನ್ನು ಬದಲಿಸುತ್ತದೆ, ಬೆಚ್ಚಗಿನ ಅರಬ್ಬಿ ಸಮುದ್ರ ತೇವ ಒದಗಿಸುತ್ತದೆ. ಇದೊಂದು ಸಾಧ್ಯತೆ, ಶಾಸನವಲ್ಲ. ಎರಡು ಒಟ್ಟಿಗೆ ಏರಿಳಿದವೆಂದರೆ ಒಂದರಿಂದಲೇ ಇನ್ನೊಂದು ಆಯಿತೆಂದು ಅರ್ಥವಲ್ಲ. ಆದರೆ ಸೆಪ್ಟೆಂಬರ್ ಮಳೆ ಎಂದರೆ ನಿಪ್ಪಾಣಿ, ಚಿಕ್ಕೋಡಿಯ ರೈತನಿಗೆ ಏನೆಂದು ಗೊತ್ತಿದ್ದವರು ಈ ಸಾಧ್ಯತೆಯನ್ನು ತಳ್ಳಿಹಾಕಲಾರರು. ಸೋಯಾ ಕಾಯಿ ಒಣಗಿ ಕಿತ್ತು ರಾಶಿ ಹಾಕುವ ಹೊತ್ತದು. ನಾಲ್ಕು ದಿನ ಮಳೆ ಹಿಡಿದರೆ ಬೀಜ ಕಾಯೊಳಗೇ ಮೊಳಕೆಯೊಡೆಯುತ್ತದೆ. ಬಿರಿದ ಸಿಪ್ಪೆಯಿಂದ ಬಿಳಿ ಮೊಳಕೆ ಹೊರಗೆ ಇಣುಕಿದ್ದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುವ ರೈತನ ಮುಖ ಮರೆಯಲಾಗುವುದಿಲ್ಲ.

ಭಾರತವೂ ಆ ಕಡೆ ಹೆಜ್ಜೆ ಇಟ್ಟಿದೆ. ಸ್ವಾಲ್ಬಾರ್ಡಿನ ನ್ಯೂ-ಒಲೆಸುಂಡಿನಲ್ಲಿ 2008ರ ಜುಲೈ 1ರಂದು ಹಿಮಾದ್ರಿ ಕೇಂದ್ರ ತೆರೆಯಿತು. 2014ರಲ್ಲಿ ಅಲ್ಲಿನ ಕೊಂಗ್ಸ್‌ಫ್ಯೋರ್ಡ್ ಎಂಬ ಕಡಲತೋಳಿನಲ್ಲಿ ಸುಮಾರು 190 ಮೀಟರ್ ಆಳದಲ್ಲಿ ಇಂಡಾರ್ಕ್ ಎಂಬ ಲಂಗರು ಹಾಕಿದ ಮಾಪಕಸರವನ್ನು ಇಳಿಸಿದರು. 2023ರ ಡಿಸೆಂಬರಿನಲ್ಲಿ ಹೊರಟ ಮೊದಲ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಆದರೆ ಮಂಜು ಒಡೆದು ಹೋಗುವ ಸ್ವಂತ ಸಂಶೋಧನಾ ಹಡಗು ನಮಗಿಲ್ಲ. ಅಂಟಾರ್ಕ್ಟಿಕಕ್ಕೂ ಬಾಡಿಗೆ ಹಡಗಿನಲ್ಲೇ ಹೋಗುತ್ತಿದ್ದೇವೆ. ಧ್ರುವ ಸಂಶೋಧನಾ ಹಡಗೊಂದನ್ನು ದೇಶದಲ್ಲೇ ಕಟ್ಟಲು ಕೋಲ್ಕತ್ತದ ಹಡಗುಕಟ್ಟೆ 2025ರಲ್ಲಿ ನಾರ್ವೆಯ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡಿದೆ. ಅದು ಬೇಗ ನೀರಿಗಿಳಿಯಲಿ ಎಂದು ಮನಸಾರೆ ಬಯಸುತ್ತೇನೆ.

ಹಾಗೆ ಬಯಸುವಾಗಲೇ ಇದನ್ನೂ ಹೇಳಬೇಕು. ಧ್ರುವದಲ್ಲಿ ಎಷ್ಟು ಚೆನ್ನಾಗಿ ಅಳೆದರೂ ಮುನ್ಸೂಚನೆ ಸರಿಯೋ ತಪ್ಪೋ ಎಂದು ತೀರ್ಮಾನವಾಗುವುದು ಮಳೆ ಬಿದ್ದ ಕಡೆಯ ಮಾಪಕದಲ್ಲಿ. ಲೆಕ್ಕಯಂತ್ರ ತೆಲಸಂಗದಲ್ಲಿ 20 ಮಿಲಿಮೀಟರ್ ಬರುತ್ತದೆ ಎಂದಾಗ, ತೆಲಸಂಗದ ಬಟ್ಟಲು ಸ್ವಚ್ಛವಾಗಿರದಿದ್ದರೆ ಆ ಲೆಕ್ಕಯಂತ್ರ ತನ್ನ ತಪ್ಪನ್ನು ಎಂದೂ ಕಲಿಯುವುದಿಲ್ಲ. ಕೋಟಿಗಟ್ಟಲೆ ಖರ್ಚಿನ ಹಡಗಿಗೂ ನಮ್ಮೂರಿನ ಬಟ್ಟಲಿಗೂ ಇರುವ ಸಂಬಂಧ ಇದು. ಐದು ತಾಲ್ಲೂಕುಗಳ ಪ್ರತಿ ಪಂಚಾಯ್ತಿಯೂ ತನ್ನ ಮಾಪಕಕ್ಕೆ ಒಬ್ಬ ಹೆಣ್ಣುಮಗಳನ್ನೋ ಹೈಸ್ಕೂಲಿನ ಹುಡುಗನನ್ನೋ ಹೊಣೆ ಮಾಡಿ, ವಾರಕ್ಕೊಮ್ಮೆ ಬಟ್ಟೆಯಿಂದ ಒರೆಸುವ ಕೂಲಿ ಕೊಡಲಿ. ಅದರ ಪಕ್ಕದಲ್ಲೇ ಹಳೆಯ ಮಾದರಿಯ ಬಾಟಲಿ ಮಾಪಕವೂ ಇರಲಿ, ಎರಡರ ಲೆಕ್ಕ ತಾಳೆ ನೋಡಲು. ದಿನದ ಅಂಕಿಯನ್ನು ಸುಣ್ಣ ಬಳಿದ ಗೋಡೆಯ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ಬರೆಯಲಿ. ನದಿದಡದ ಊರಿನಲ್ಲಿ ಅದೇ ಗೋಡೆಯ ಮೇಲೆ ರಾಜಾಪುರ, ಸದಲಗಾ, ಕಲ್ಲೋಳದ ಅಂಕಿಯೂ, 2005, 2019, 2021ರ ನೀರುಗೆರೆಗಳೂ ಇರಲಿ.

ಹುಡುಗಿಯೊಬ್ಬಳು ಶಾಲೆಗೆ ಹೋಗುವ ಮುಂಚೆ ಬಂದು, ಬಾಟಲಿಯ ನೀರನ್ನು ಗಾಜಿಗೆ ಸುರಿದು, ಕಣ್ಣನ್ನು ನೀರಿನ ಮಟ್ಟಕ್ಕೆ ಇಳಿಸಿ ಬಾಗಿನ ತಳ ಓದುತ್ತಾಳೆ. ಮಳೆ ಬಂದಿರದಿದ್ದರೆ ಸೊನ್ನೆ ಎಂದು ಬರೆಯುತ್ತಾಳೆ, ಖಾಲಿ ಬಿಡುವುದಿಲ್ಲ. ಬಿಟ್ಟ ಜಾಗ ಕಂಡವರಿಗೆ ಆ ದಿನ ಮಳೆಯೇ ಇರಲಿಲ್ಲವೋ, ನೋಡುವವರೇ ಇರಲಿಲ್ಲವೋ ತಿಳಿಯುವುದಿಲ್ಲ.